ಭಾಲ್ಕಿ ಸ್ಟ್ಯಾಂಡಿನ ಪುದೀನಾ ನೀರು

ಮೊದಲು ಕಂಡದ್ದು ಕಣ್ಣಿನ ಬಿಳಿ. ಅಂಗಳದಲ್ಲಿ ಮಗಳು ಸುಹಾಸಿನಿಗೆ ತಲೆ ಬಾಚುತ್ತಿದ್ದೆ. ಅವಳು ಬಿಸಿಲಿಗೆ ಮುಖ ಎತ್ತಿದಳು. ಅರಿಶಿಣದ ಕೈ ಒರೆಸಿದ ಬಟ್ಟೆಯಂತಿತ್ತು ಆ ಬಿಳಿ.

"ಮಮ್ಮಿ, ಮೈಯೆಲ್ಲಾ ಕೆರೀಲತ್ತದ," ಅಂದಳು.

ಅನ್ನದ ವಾಸನೆಗೇ ವಾಂತಿ ಮಾಡುತ್ತಿದ್ದಳು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡಿದ್ದೆವು. ಅವಳಿಗೆ ಏಳು ತಿಂಗಳು ತುಂಬಿತ್ತು.

ಬೀದರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಿಪೋರ್ಟ್ ನೋಡಿ ನನ್ನೊಬ್ಬಳನ್ನೇ ಒಳಗೆ ಕರೆದರು. "ಹೆಪಟೈಟಿಸ್ ಇ ಅದ ರೀ. ಹೊಲಸು ನೀರಿನಿಂದ ಬರೋ ಕಾಮಾಲಿ. ಬ್ಯಾರೆಯವರಾದ್ರ ಮಲಗಿ ಎದ್ದು ಹೋಗ್ತಾರ. ಬಸುರಿಗಿ ಈ ತಿಂಗಳಾಗ ಬಂದ್ರ ಲಿವರ್ ಪೂರಾ ಕೆಡಬಹುದು. ತಾಯಿದಾಗ್ಲಿ, ಕೂಸಿಂದಾಗ್ಲಿ, ಈಗೇ ಏನೂ ಹೇಳ್ಲಿಕ್ಕಿ ಬರಲ್ಲ. ಹೊರಗ ಏನಾದ್ರೂ ತಿಂದಿದ್ಲೇನು?"

ತಿಂದಿದ್ದಳು. ನನ್ನ ಕಣ್ಣೆದುರಿಗೇ.

ತಿಂಗಳ ಹಿಂದೆ ಸೀಮಂತದ ಕುಬಸ ಮುಗಿಸಿ, ಭಾಲ್ಕಿಯ ಬೀಗರ ಮನೆಯಿಂದ ಅವಳನ್ನು ಹೆರಿಗೆಗೆ ಕರೆತರುತ್ತಿದ್ದೆವು. ಮಳೆಯಿಲ್ಲದ ವರ್ಷ ಅದು. ಬಸ್ ಸ್ಟ್ಯಾಂಡಿನ ತುಂಬ ಗಂಟು ಕಟ್ಟಿಕೊಂಡು ಹೈದರಾಬಾದಿಗೆ, ಪುಣೆಗೆ ಹೊರಟ ಸಂಸಾರಗಳು. ನಲ್ಲಿಗಳು ಒಣಗಿದ್ದವು. ನನ್ನ ಚೀಲದಲ್ಲಿ ಕುದಿಸಿ ಆರಿಸಿದ ನೀರು, ಚಪಾತಿ, ಶೇಂಗಾ ಹಿಂಡಿ ಇದ್ದವು. ಪ್ರಯಾಣದಲ್ಲಿ ಕುದಿಸಿದ್ದು, ಸುಲಿಯುವಂಥದ್ದು, ಬಾಣಲೆಯಿಂದ ಆಗಲೇ ಇಳಿದದ್ದು ಬಿಟ್ಟು ಬೇರೇನೂ ಮುಟ್ಟಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದನ್ನು ನಾನು ಬಿಟ್ಟವಳಲ್ಲ. ಮಗಳ ಕಣ್ಣು ಮಾತ್ರ ಪಾನಿಪುರಿ ಬಂಡಿಯ ಮೇಲಿತ್ತು. ಬಂಡಿಯವನು ಮೊಣಕೈವರೆಗೆ ಮಡಕೆಯಲ್ಲಿ ಕೈ ಅದ್ದುತ್ತಿದ್ದ. ಅವನ ತೋರುಬೆರಳಿಗೆ ಕಟ್ಟಿದ್ದ ಬಟ್ಟೆ ಪುದೀನಾದಿಂದ ಹಸಿರಾಗಿತ್ತು.

"ಬ್ಯಾಡ ರೀ ರೂತಕ್ಕ, ನೀರು ಎಲ್ಲಿದೋ ಏನೋ," ಅಂದೆ. ರೂತಕ್ಕ ನನ್ನ ಗಂಡನ ಅಕ್ಕ, ಕುಬಸಕ್ಕೆಂದು ಔರಾದಿನಿಂದ ಬಂದಿದ್ದರು.

"ನಿಂದು ಕಾನ್ವೆಂಟ್ ಹೊಟ್ಟಿ. ನಮ್ದು ಔರಾದ್ ಹೊಟ್ಟಿ, ಕಲ್ಲು ತಿಂದ್ರೂ ಅರಗ್ತದ. ಬಸುರಿ ಬಾಯಿಬಿಟ್ಟು ಕೇಳಿದ್ದು ಇಲ್ಲ ಅಂದ್ರ ಕೂಸಿನ ಕಿವಿ ಸೋರ್ತದ, ಗೊತ್ತದೇನು?" ಎನ್ನುತ್ತಾ ಅವರೇ ಪ್ಲೇಟು ಹಿಡಿದು ತಂದು ಕೊಟ್ಟರು. ಬಸ್ಸು ಹತ್ತಿಸಲು ಬಂದಿದ್ದ ಬೀಗರೂ ಹೌದೆಂದು ತಲೆಯಾಡಿಸಿದರು. ಸುಹಾಸಿನಿ ಕಣ್ಣು ಮುಚ್ಚಿಕೊಂಡು ತಿಂದಳು. ಕೊನೆಗೆ ಪ್ಲೇಟಿನ ನೀರನ್ನೂ ಕುಡಿದಳು.

ಆಸ್ಪತ್ರೆಯಲ್ಲಿ ಅವಳಿಗೆ ಡ್ರಿಪ್ ಹನಿಯುತ್ತಿದ್ದಾಗ ನಾನು ಪ್ರಾರ್ಥನೆ ಮಾಡಲಿಲ್ಲ. ಮನಸ್ಸಿನಲ್ಲೇ ಆ ಬಂಡಿಯನ್ನು ಕೆಡವಿದೆ. ಮತ್ತೆ ನಿಲ್ಲಿಸಿ ಮತ್ತೆ ಕೆಡವಿದೆ. ರಿಪೋರ್ಟಿನಲ್ಲಿ ಕಾಮಾಲೆಯ ಅಳತೆ, ಆ ಬಿಲಿರುಬಿನ್, ಏರಿದಷ್ಟೂ ಆ ಹಸಿರು ಬೆರಳನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮುರಿಯುತ್ತಿದ್ದೆ. ಇರುವೆ ತುಳಿದರೂ ಅಯ್ಯೋ ಎನ್ನುವವಳು ನಾನು.

ಹೆರಿಗೆ ಮುಂಚೆಯೇ ಆಯಿತು. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು, ತಾಯಿಯನ್ನು ಐಸಿಯುಗೆ ಒಯ್ದರು. ರೂತಕ್ಕ ಎಳನೀರು ಹಿಡಿದು ಬಂದರು. ಅವರ ಕೈ ಹಿಡಿದು ಗಾಜಿನ ಹತ್ತಿರ ಕರೆದೊಯ್ದೆ.

"ನೋಡ್ರಿ ಅಕ್ಕ, ಕಿವಿ ಎಷ್ಟು ಛಲೋ ಅದಾವ. ಒಂದು ಹನಿ ಸೋರಿಲ್ಲ. ಉಸಿರಷ್ಟೇ ಮಷೀನಿಂದು."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕುಳಿತರು. ನನಗೆ ತಂಪೆನಿಸಿತು.

ಇಬ್ಬರೂ ಉಳಿದರು. ನಿಧಾನವಾಗಿ ಮನೆಗೆ ಬಂದರು. ಆಮೇಲೆ ಮಗಳ ಬಟ್ಟೆ ತರುವ ನೆಪದಲ್ಲಿ ಭಾಲ್ಕಿಗೆ ಹೋದೆ. ಬಂಡಿ ಅಲ್ಲೇ ಇತ್ತು, ಸುತ್ತ ಜನವೂ ಇದ್ದರು.

"ಈ ನೀರು ಒಂದು ಲೋಟ ನೀವು ಕುಡೀರಿ," ಅಂದೆ ಬಂಡಿಯವನಿಗೆ.

"ಯಾಕ್ರೀ ಅಕ್ಕೋರ?" ಅವನು ನಕ್ಕ. "ನಂಗ ಆಸಿಡಿಟಿ ಅದ ರೀ."

ಬಂಡಿಯ ಕೆಳಗೆ, ಒದ್ದೆ ಬಟ್ಟೆ ಸುತ್ತಿದ ಬಾಟಲಿಯೊಂದು ತೂಗುತ್ತಿತ್ತು. ಮುಚ್ಚಳ ಬಿಗಿಯಾಗಿತ್ತು.

"ಅದು ಯಾವ ನೀರು?"

"ಅದು ನಂದು ರೀ. ಮನ್ಯಾಗ ಕಾಯ್ಸಿ ತಂದಿದ್ದು."

ಶಾಲೆಯ ವೇದಿಕೆಯಲ್ಲಿ ಪದ್ಯ ಹೇಳುವಾಗಿನ ಸ್ವರ ಎಲ್ಲಿಂದಲೋ ಬಂತು. "ಎಲ್ಲಾರೂ ಕೇಳ್ರಿ. ಇವ್ರು ತಾವು ಕಾಯ್ಸಿದ ನೀರು ಕುಡೀತಾರ. ನಿಮಗ ಈ ಮಡಕಿಂದು ಕೊಡ್ತಾರ."

ಒಂದು ಪ್ಲೇಟು ಕೆಳಗಿಳಿಯಿತು. ಇನ್ನೊಂದು. "ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ ಅಕ್ಕೋರ?" ಅಂದ ಬಂಡಿಯವನು.

"ನನ್ನ ಮಗಳ ಹೊಟ್ಟ್ಯಾಗ ಕೂಸಿತ್ತು."

ಮಡಕೆಯನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕೆ ಸುರಿದೆ. ಒಣ ಮಣ್ಣು ಅದನ್ನು ಒಮ್ಮೆಲೇ ಹೀರಿತು. ಪುದೀನಾ ಎಲೆಗಳಷ್ಟೇ ಮೇಲೆ ಉಳಿದವು. ಗಂಟಿನ ಮೇಲೆ ಕುಳಿತಿದ್ದ ಹೆಂಗಸೊಬ್ಬಳು ನನ್ನ ಮುಖ ನೋಡಲಿಲ್ಲ, ನೆಲಕ್ಕಿಳಿಯುವ ನೀರನ್ನೇ ನೋಡುತ್ತಿದ್ದಳು. ಅವಳ ನೋಟ ಈಗಲೂ ನೆನಪಾಗುತ್ತದೆ. ಆದರೂ ಸುರಿದದ್ದಕ್ಕೆ ಮನಸ್ಸು ಮರುಗುವುದಿಲ್ಲ.

ಈಗ ಸುಹಾಸಿನಿಯ ಲಿವರ್ ರಿಪೋರ್ಟ್ ಸರಿಯಿದೆ. ಕೂಸು ಬೆರಳು ಹಿಡಿದರೆ ಬಿಡುವುದಿಲ್ಲ. ಡಾಕ್ಟರಮ್ಮನಿಗೂ ದೇವರಿಗೂ ಋಣಿ. ಆದರೂ ಬೆಳಗಾದರೆ ಇಬ್ಬರ ಮುಖವನ್ನೂ ಬಿಸಿಲಿಗೆ ತಿರುಗಿಸಿ ಕಣ್ಣಿನ ಬಿಳಿ ನೋಡುತ್ತೇನೆ.

ಭಾನುವಾರ ಚರ್ಚಿನ ಪ್ರಾರ್ಥನೆಯಲ್ಲಿ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ನನ್ನ ಬಾಯಿ ಮುಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ನಿಂತ ಮಗಳಿಗೆ ಅದು ಗೊತ್ತು. ಕೂಸನ್ನು ನನ್ನ ಕೈಗೆ ಕೊಟ್ಟು, ಆ ಸಾಲನ್ನು ಅವಳು ಸ್ವಲ್ಪ ಜೋರಾಗಿಯೇ ಹೇಳುತ್ತಾಳೆ.