ಕೆಂಪು ಟೇಪು ಹಚ್ಚಿದ ಸ್ವಿಚ್ಚು

ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು. ಬೀದಿಯವರ ಬಾಯಿಗೆ ಬಿದ್ದ ಮೇಲೆ ಅದು ಉಳಿಯಲಿಲ್ಲ. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವನು ಸ್ವಿಚ್ಚಣ್ಣ. ಇಸ್ತ್ರಿ ಅಂಗಡಿಯವನು. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಯಾರೋ ಆರಿಸದೆ ಊಟಕ್ಕೆ ಹೋದ ಇಸ್ತ್ರಿಪೆಟ್ಟಿಗೆಯೊಂದು ಅವನ ಯಜಮಾನನ ಅಂಗಡಿಯನ್ನು ಗಿರಾಕಿಗಳ ಬಟ್ಟೆಯ ಸಮೇತ ಬೂದಿ ಮಾಡಿತ್ತು. ಅಂದಿನಿಂದ ಎಲ್ಲಿಗೇ ಹೊರಟರೂ ಅವನ ಕೈ ತಾನಾಗಿ ಸ್ವಿಚ್ಚಿನತ್ತ ಹೋಗುತ್ತಿತ್ತು. ನೆಂಟರ ಮನೆಯಿಂದ ಎದ್ದು ಬರುವಾಗ, ಅವರು ಇನ್ನೂ ಟಿ.ವಿ. ನೋಡುತ್ತಿದ್ದರೂ, ಟಕ್ಕೆಂದು ಆರಿಸಿಬಿಡುತ್ತಿದ್ದ. ಜನ ನಗುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಚಾಳಿ ಬಿಡಲಿಲ್ಲ.

ಮನೆಯಲ್ಲಿ ಅವನು, ಅವನ ಹೆಂಡತಿ, ಇಬ್ಬರೇ. ಅವಳಿಗೆ ಉಬ್ಬಸ. ಅದು ಕೆರಳಿತೆಂದರೆ ಎರಡು ಹೆಜ್ಜೆ ಇಡಲಾರಳು, ಕೂಗುವ ಮಾತಂತೂ ದೂರವೇ ಉಳಿಯಿತು. ಮನೆ ಬೀದಿಗಿಂತ ತಗ್ಗಿನಲ್ಲಿದ್ದುದರಿಂದ ಮೊಬೈಲಿನ ಸಿಗ್ನಲ್ ಹೊಸ್ತಿಲಾಚೆಗೇ ನಿಂತುಬಿಡುತ್ತಿತ್ತು. ಹಾಗಾಗಿ ಮಂಚದ ಪಕ್ಕದ ಹಳೆಯ ಫೋನೇ ಅವಳ ಜೀವಕ್ಕೆ ಕಾವಲು. ಒಂದು ಗುಂಡಿ ಒತ್ತಿದರೆ ಅಂಗಡಿಯ ಫೋನಿನಲ್ಲಿ ಗಂಟೆ ಬಾರಿಸುತ್ತಿತ್ತು. ಅವಳು ಮಾತಾಡಬೇಕಾಗಿರಲಿಲ್ಲ. ಆ ಕಡೆ ಸುಂಯ್ ಎನ್ನುವ ಉಸಿರು ಕೇಳಿದರೆ ಸಾಕು, ಅವನು ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತಿದ್ದ. ಗಂಟೆ ಬಾರಿಸಲಿಲ್ಲವೆಂದರೆ ಅವಳು ಚೆನ್ನಾಗಿದ್ದಾಳೆ ಎಂದೇ ಲೆಕ್ಕ.

ಹೀಗಿರುವಾಗ ಫೋನ್ ಕಂಪನಿಯವರಿಗೆ ಹುಕಿ ಬಂತು. ಹಳೆಯ ತಂತಿ ಇನ್ನಿಲ್ಲ, ಎಲ್ಲ ಡಿಜಿಟಲ್ ಎಂದರು. ಬೇಕೇ ಎಂದು ಯಾರನ್ನೂ ಕೇಳಲಿಲ್ಲ. ಮೊದಲು ಹಳೆಯ ಲೈನು ಸತ್ತಿತು, ಹೊಸದು ಹುಟ್ಟಲಿಲ್ಲ. ಹುಟ್ಟಿದ ಮೇಲೂ ಒಂದು ದಿನ ಬದುಕಿದರೆ ಎರಡು ದಿನ ಮಲಗುತ್ತಿತ್ತು. ಅಂಗಡಿಯಿಂದ ಮನೆಗೆ ಮಾಡಿದರೆ, "ನೀವು ಕರೆ ಮಾಡಿದ ಸಂಖ್ಯೆ ಸಂಪರ್ಕಕ್ಕೆ ಸಿಗುತ್ತಿಲ್ಲ" ಎಂದು ಒಬ್ಬಳು ಗಿಣಿಪಾಠ ಒಪ್ಪಿಸುತ್ತಿದ್ದಳು. ಸ್ವಿಚ್ಚಣ್ಣ ಕಾದ ಇಸ್ತ್ರಿಪೆಟ್ಟಿಗೆ ಆರಿಸಿ ಮನೆಗೆ ಓಡುವುದು, ಅವಳು ಕಾಲು ಚಾಚಿ ಕುಳಿತು ಸೊಪ್ಪು ಸೋಸುತ್ತಿರುವುದನ್ನು ಕಂಡು ಪೆಚ್ಚಾಗಿ ಹಿಂತಿರುಗುವುದು. ಹೀಗೆ ಓಡಿ ಓಡಿ ಸಾಕಾಯಿತು. ಅವಳೇ ಒಂದು ದಿನ ಗದರಿಸಿದಳು.

"ಆ ಹೆಂಗಸು ಹಾಗೆ ಅಂದಾಗೆಲ್ಲ ಓಡಿ ಬರ್ಬೇಡಿ. ನಾನು ಸಾಯೋದಲ್ಲ, ನೀವೇ ಎದೆ ಒಡ್ಕೊಂಡು ಸಾಯ್ತೀರ."

ಅವಳ ತಂಗಿ ಬೇರೆ ಊರಲ್ಲಿದ್ದಳು, ಬಾಯಿ ಜೋರು. ಅವಳು ಕಂಪನಿಯವರ ಜನ್ಮ ಜಾಲಾಡಿದ ಮೇಲೆ ರಿಪೇರಿಯವನು ಬಂದು ಫೋನಿಗೆ ತಗುಲಿಸಿದ್ದ ಪೆಟ್ಟಿಗೆ ಬದಲಿಸಿದ.

"ಇನ್ಮೇಲೆ ತೊಂದ್ರೆ ಇಲ್ಲ ಸಾರ್. ಈ ಹಸಿರು ದೀಪ ಉರೀತಿದ್ರೆ ಫೋನ್ ಇದೆ ಅಂತ. ಆದ್ರೆ ಇದಕ್ಕೆ ಯಾವಾಗ್ಲೂ ಕರೆಂಟ್ ಬೇಕು. ಹಳೇದರ ಹಾಗಲ್ಲ."

"ಕರೆಂಟ್ ಹೋದ್ರೆ?"

"ಬರೋವರೆಗೆ ಕಾಯ್ಬೇಕು ಸಾರ್."

"ಯಾವಾಗ್ಲೂ ಅಂದ್ನಲ್ಲ, ಕೇಳಿಸ್ತಾ?" ಎಂದು ಹೆಂಡತಿ ಗಂಡನ ಕೈಯನ್ನೇ ನೋಡಿದಳು.

ಸ್ವಿಚ್ಚಣ್ಣ ಅವತ್ತೇ ಆ ಪೆಟ್ಟಿಗೆಯ ಸ್ವಿಚ್ಚಿನ ಮೇಲೆ ಅಡ್ಡಕ್ಕೊಂದು ಉದ್ದಕ್ಕೊಂದು ಕೆಂಪು ಟೇಪು ಹಚ್ಚಿದ. ಬೆಳಿಗ್ಗೆ ಹೊರಡುವಾಗ ಕೈ ಅತ್ತ ಹೋಗುವುದು, ಟೇಪು ತಾಗಿದೊಡನೆ ಬಿಸಿ ತಾಗಿದಂತೆ ಹಿಂದೆ ಬರುವುದು. ಒಮ್ಮೆಯೂ ತಪ್ಪಲಿಲ್ಲ. ಅವನಿಗೆ ತನ್ನ ಕೈಯ ಮೇಲೆ ಹೆಮ್ಮೆಯೇ ಆಯಿತು.

ಚಳಿ ಶುರುವಾಗಿತ್ತು. ರಾತ್ರಿಯೆಲ್ಲ ಕೆಮ್ಮಿದ ಹೆಂಡತಿ ಬೆಳಗಿನ ಜಾವಕ್ಕೆ ಕಣ್ಣು ಮುಚ್ಚಿದ್ದಳು. ಅವನು ಅಂಗಿ ಹಾಕಿಕೊಳ್ಳುತ್ತಿದ್ದಾಗ ಎಲ್ಲಿಂದಲೋ ಸುಟ್ಟ ವಾಸನೆ ಬಂತು. ಒಲೆ ನೋಡಿದ, ಪ್ಲಗ್ಗುಗಳನ್ನು ಒಂದೊಂದಾಗಿ ಮೂಸಿದ. ಪಕ್ಕದ ಮನೆಯವರ ಹಾಲು ತಳ ಹಿಡಿದಿತ್ತೋ ಏನೋ, ಯಾರಿಗೆ ಗೊತ್ತು. ಅವನ ಕಣ್ಣಿಗೆ ಕಂಡದ್ದು ಮಾತ್ರ ಹೊತ್ತಿ ಉರಿಯುವ ಮನೆ, ಒಳಗೆ ಮಲಗಿದ ಹೆಂಡತಿ. ಹೊರಗಿನ ಗೋಡೆಯಲ್ಲಿದ್ದ ಮೇನ್ ಸ್ವಿಚ್ಚನ್ನೇ ಕೆಳಗೆಳೆದ. ಸಂಜೆ ಯಾರಿಗಾದರೂ ತೋರಿಸಿದರಾಯಿತು ಎಂದುಕೊಂಡು, ಅವಳ ನಿದ್ದೆ ಕೆಡಿಸಬಾರದೆಂದು ಬಾಗಿಲನ್ನು ಮೆತ್ತಗೆ ಎಳೆದುಕೊಂಡು ಹೋದ. ಒಳಗೆ ಟೇಪು ಹಚ್ಚಿದ ಸ್ವಿಚ್ಚು ಹಾಗೇ ಇತ್ತು.

ಅಂಗಡಿಯಲ್ಲಿ ಫೋನಿನ ಗಂಟೆ ಬಾರಿಸಲಿಲ್ಲ. ಪಾಪ, ನಿದ್ದೆ ಮಾಡಲಿ ಎಂದುಕೊಂಡ. ಮಧ್ಯಾಹ್ನ ತಡೆಯಲಾರದೆ ತಾನೇ ಮಾಡಿದ. ಗಿಣಿಪಾಠದವಳು ಬಂದಳು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಓಡಲು ಎದ್ದವನು ಹೆಂಡತಿಯ ಗದರಿಕೆ ನೆನೆದು ಕುಳಿತ. ಇವತ್ತು ಇವರಿಗೊಂದು ಗತಿ ಕಾಣಿಸುತ್ತೇನೆ ಎಂದು ಕಂಪನಿಗೇ ಫೋನ್ ಹಚ್ಚಿದ. ಅದನ್ನು ಒತ್ತಿ, ಇದನ್ನು ಒತ್ತಿ ಎಂದರು. ಸಂಗೀತ ಕೇಳಿಸಿದರು. ಅವನು ಒಂದು ಕೈಯಲ್ಲಿ ರಿಸೀವರ್ ಹಿಡಿದು ಇನ್ನೊಂದರಲ್ಲಿ ಅಂಗಿಯ ಕಾಲರು ತೀಡುತ್ತ ಕಾದ. ಕೊನೆಗೊಬ್ಬ ಹುಡುಗಿ ಸಿಕ್ಕಳು. ಬಾಯಿಗೆ ಬಂದಂತೆ ಬೈದ. ಅವಳು ಸಮಾಧಾನದಿಂದಲೇ ಕೇಳಿಸಿಕೊಂಡಳು.

"ಲೈನ್ ಚೆನ್ನಾಗಿದೆ ಸಾರ್. ನಿಮ್ಮ ಪೆಟ್ಟಿಗೇನೇ ಬೆಳಿಗ್ಗೆಯಿಂದ ಆಫ್ ಆಗಿದೆ ಅಂತ ತೋರಿಸ್ತಿದೆ. ಸ್ವಿಚ್ ಯಾರಾದ್ರೂ ಆಫ್ ಮಾಡಿದ್ರಾ?"

"ಇಲ್ಲಮ್ಮ, ಅದಕ್ಕೆ ಟೇಪು..." ಎಂದವನಿಗೆ ಬೆಳಿಗ್ಗೆ ತಾನೇ ಕೆಳಗೆಳೆದ ಮೇನ್ ಸ್ವಿಚ್ಚು ನೆನಪಾಯಿತು.

ಇಸ್ತ್ರಿಪೆಟ್ಟಿಗೆ ಆ ಅಂಗಿಯ ಮೇಲೇ ಉಳಿಯಿತು. ಆರಿಸದೆ ಓಡಿದ್ದು ಅದೇ ಮೊದಲು.

ಅವಳು ಮಂಚದಿಂದ ಜಾರಿ ಗೋಡೆಗೊರಗಿದ್ದಳು. ತುಟಿ ನೀಲಿ. ರಿಸೀವರ್ ಮಡಿಲಲ್ಲಿತ್ತು. ಅವನು ಬೀದಿಗೆ ಓಡಿ ಮೊಬೈಲಿನಲ್ಲಿ ಕೂಗಾಡಿ ಆಂಬುಲೆನ್ಸ್ ಕರೆಸಿದ. ದಾರಿಯಲ್ಲಿ ಅವಳು ಮುಖದ ಮಾಸ್ಕು ಸರಿಸಿ, ಒಂದೊಂದೇ ಮಾತು ಹೆಕ್ಕಿ ಹೇಳಿದಳು.

"ಕರೆಂಟ್ ಹೋಗಿತ್ತು ರೀ. ಈಗ ಬರುತ್ತೆ, ಈಗ ಬರುತ್ತೆ ಅಂತ ಕಾದೆ. ದೀಪಾನೇ ನೋಡ್ತಾ ಕೂತೆ."

"ಹೌದು ಕಣೇ, ಹೋಗಿತ್ತು," ಎಂದ ಸ್ವಿಚ್ಚಣ್ಣ. ಅವಳು ಅವನ ಕೈ ಅದುಮಿದಳು. ಆಸ್ಪತ್ರೆಯಿಂದ ಅವಳು ಮನೆಗೆ ಬರಲಿಲ್ಲ.

ಮಾತಾಡಿಸಲು ಬಂದವರಿಂದ ಮನೆ ತುಂಬಿತು. ಹೆಂಡತಿಯ ತಂಗಿ ಅಕ್ಕನ ಮಂಚ ಹಿಡಿದು ಅತ್ತಳು, ಕರೆಂಟಿನವರಿಗೆ ಹಿಡಿಶಾಪ ಹಾಕಿದಳು. "ಅರ್ಧ ದಿನ ಕರೆಂಟ್ ತೆಗೆದು ನಮ್ಮಕ್ಕನ್ನ ಕೊಂದ್ರಲ್ಲ, ಅವರ ಮನೆ ಹಾಳಾಗ!" ಬಂದವರೆಲ್ಲ ತಲೆದೂಗಿದರು.

ನೀರಿನ ಲೋಟ ತಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತಳು. ಕೆಟ್ಟವಳಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳುವವಳು, ಅಷ್ಟೆ.

"ಅವತ್ತು ಕರೆಂಟ್ ಹೋಗಿರ್ಲಿಲ್ಲವಲ್ಲಮ್ಮ. ನಾನು ಬೆಳಿಗ್ಗೆಯಿಂದ ಬಟ್ಟೆ ಮಿಷನ್ ಹಾಕಿದ್ದೆ. ನಮ್ಮಲ್ಲಿ ಇಡೀ ದಿನ ಇತ್ತು."

ಅಳು ನಿಂತಿತು. ತಂಗಿ ಕಣ್ಣೊರೆಸಿಕೊಂಡು ನಿಧಾನವಾಗಿ ಸ್ವಿಚ್ಚಣ್ಣನತ್ತ ತಿರುಗಿದಳು.

"ಭಾವ?" ಎಂದಳು.