ತಾತನ ಸಾರೋಟಿಗೆ ನಾನು ಬರೆದ ಕುದುರೆಗಳು

ಕೊರೊನಾ ಮುಗಿದು, ಮುಂದೂಡಿದ್ದ ಮದುವೆಗಳೆಲ್ಲ ಒಟ್ಟಿಗೆ ಮೈಮೇಲೆ ಬಿದ್ದ ವರ್ಷ ಅದು. ನಾನು ಆಗ ತಿಪಟೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ರೀಟಚಿಂಗ್ ಆರ್ಟಿಸ್ಟ್. ಹೆಸರಿಗೆ ಆರ್ಟಿಸ್ಟ್, ಕೆಲಸವೆಂದರೆ ಮದುಮಗಳ ಮೊಡವೆ ತೆಗೆಯುವುದು, ಮದುಮಗನ ತಲೆಗೆ ಒಂದಿಷ್ಟು ಕೂದಲು ದಾನ ಮಾಡುವುದು, ಗೆದ್ದಲು ತಿಂದ ಹಳೇ ಫೋಟೋಗಳನ್ನು ಕಂಪ್ಯೂಟರಿನಲ್ಲಿ ರಿಪೇರಿ ಮಾಡುವುದು. ಈ ಕೊನೆಯದಕ್ಕೆ ರೆಸ್ಟೋರೇಶನ್ ಎನ್ನುತ್ತಾರೆ. ಕಿವಿ ಹರಿದ ತಾತನಿಗೆ ಇನ್ಯಾರದೋ ತಾತನ ಕಿವಿ ಅಂಟಿಸಿದ್ದೂ ಉಂಟು. ಇದುವರೆಗೆ ಯಾವ ತಾತನೂ ದೂರು ಕೊಟ್ಟಿಲ್ಲ.

ಸಂಜೆ ಹೊತ್ತು ಆರತಕ್ಷತೆಗಳಲ್ಲಿ ಮಿಮಿಕ್ರಿ ಮಾಡುತ್ತಿದ್ದೆ. ಬಸ್ ಕಂಡಕ್ಟರು, ಕೊಬ್ಬರಿ ದಲ್ಲಾಳಿ, ಮುಹೂರ್ತಕ್ಕೆ ತಡವಾಗಿ ಬಂದ ಐನೋರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ನನ್ನ ಸ್ವಂತ ದನಿ ಹೇಗಿದೆ ಎಂದು ಕೇಳಿದರೆ ನಮ್ಮವ್ವನೂ ಸ್ವಲ್ಪ ಯೋಚಿಸಬೇಕಾಗಿತ್ತು.

ಸ್ಟುಡಿಯೋ ಮಾಲೀಕರು ರುದ್ರಣ್ಣ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಅರಳಗುಪ್ಪೆಯ ತೋಟದಲ್ಲಿ ತೆಂಗಿನ ಮಟ್ಟೆ ಎಳೆದುಕೊಂಡಿದ್ದ ನನ್ನನ್ನು ಕರೆತಂದು, ಪಕ್ಕದಲ್ಲಿ ಕೂರಿಸಿಕೊಂಡು, ಮೌಸ್ ಹಿಡಿಯುವುದರಿಂದ ಹಿಡಿದು ನೆರಳು ಬೆಳಕಿನ ತನಕ ಕಲಿಸಿದವರು. ಅವರ ದನಿಯನ್ನು ಅವರೆದುರೇ ಅಣಕಿಸಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಲೇ ಮಂಜ, ನಾನಿಲ್ದಿದ್ರೂ ನೀನು ಮಾತಾಡಿದ್ರೆ ಸಾಕು, ಅಂಗ್ಡಿ ನಡೀತೈತೆ ಕಣ್ಲಾ" ಎನ್ನುತ್ತಿದ್ದರು. ಆ ಮಾತನ್ನು ನಾನು ಎಷ್ಟು ಜನರಿಗೆ ಹೇಳಿಕೊಂಡು ತಿರುಗಿದ್ದೇನೋ!

ಒಂದು ದಿನ ಹೊನ್ನವಳ್ಳಿಯ ಕೊಬ್ಬರಿ ವ್ಯಾಪಾರಿ ಪರಮೇಶಣ್ಣ, ಮಗಳು ಸೌಮ್ಯಳ ಜೊತೆ ಅಂಗಡಿಗೆ ಬಂದರು. ಸೌಮ್ಯಳಿಗೆ ಚಿಕ್ಕನಾಯಕನಹಳ್ಳಿಯ ಕಡೆ ಮದುವೆ ಗೊತ್ತಾಗಿತ್ತು. ಪರಮೇಶಣ್ಣನ ಕಂಕುಳಲ್ಲಿ ಗಾಜಿನ ಫ್ರೇಮು. ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಸಿಕ್ಕಿದ್ದು. ಫೋಟೋದಲ್ಲಿ ರುಮಾಲು ಸುತ್ತಿ, ಶಲ್ಯ ಹೊದ್ದು, ಹಣೆ ತುಂಬ ವಿಭೂತಿ ಇಟ್ಟ ಒಬ್ಬರು ಮಂಟಪದಂಥ ಗಾಡಿಯೊಳಗೆ ನೆಟ್ಟಗೆ ಕೂತಿದ್ದರು. ಕಮಾನು, ಕಂಬ, ತುದಿಯಲ್ಲಿ ಕಳಶ, ನಾಲ್ಕು ಮೂಲೆಗೆ ನವಿಲು. ಕೆಳಗೆ ಚಕ್ರಗಳ ಮೇಲಂಚು ಕಾಣುತ್ತಿತ್ತು. ಅದರ ಕೆಳಗಿನದನ್ನು ಫ್ರೇಮಿನೊಳಗಿನ ರಟ್ಟು ಮುಚ್ಚಿತ್ತು.

"ನಮ್ಮ ತಾತ ಕಣಪ್ಪ. ಅರಮನೆಯೋರು ಮರ್ಯಾದೆ ಮಾಡಿ ಸಾರೋಟು ಕಳ್ಸಿದ್ರಂತೆ" ಎಂದರು ಪರಮೇಶಣ್ಣ.

"ಕುದುರೆ ಎಲ್ಲೋದ್ವಣ್ಣ?"

"ಫೋಟೋದಿಂದ ಆಚೆ ಇರ್ತವೆ. ಸಾರೋಟು ಅಂದ್ಮೇಲೆ ಕುದ್ರೆ ಇರಲ್ವೇನ್ಲಾ?"

"ಮೇಯಕ್ಕೋಗಿರ್ಬೇಕು ಬುಡಿ" ಎಂದೆ. ಸೌಮ್ಯ ನಕ್ಕಳು.

ಪರಮೇಶಣ್ಣ ಇನ್ನೂ ಚಿಕ್ಕವರಿದ್ದಾಗಲೇ ಅವರ ತಂದೆ ತೀರಿಕೊಂಡಿದ್ದರು. ಅರಮನೆಯ ಕಥೆ ಯಾರ ಬಾಯಿಂದಲೋ ಕಿವಿಗೆ ಬಿದ್ದು ಉಳಿದದ್ದು. ತಾತನನ್ನು ಕಣ್ಣಾರೆ ಕಂಡವರೆಂದರೆ ತುರುವೇಕೆರೆಯಲ್ಲಿರುವ ಸೋದರತ್ತೆ ಗಂಗಮ್ಮ ಒಬ್ಬರೇ. ಎಂಬತ್ತು ದಾಟಿದ ಅವರಿಗೆ ಫೋನಿನಲ್ಲಿ ಏನೂ ಕೇಳಿಸದು. ಮದುವೆಗೆ ಬಂದಾಗ ತೋರಿಸಿ ಖುಷಿಪಡಿಸೋಣ ಎಂದುಕೊಂಡಿದ್ದರು.

ರುದ್ರಣ್ಣನ ತಲೆ ಓಡಿತು. "ಪರಮೇಶಣ್ಣ, ಇಂಥದ್ದೇ ಒಂದು ಸಾರೋಟು ಮಾಡ್ಸಿ ಆರತಕ್ಷತೆಗೆ ಹೆಣ್ಣು ಗಂಡನ್ನ ಅದ್ರಲ್ಲೇ ಕರ್ಕಂಡ್ ಬರಾಣ. ಇಡೀ ತಾಲ್ಲೂಕು ಮಾತಾಡ್ಬೇಕು!" ಗಾಜಿನ ಮೇಲಿಂದಲೇ ಫೋಟೋ ತೆಗೆದು ಡೆಕೊರೇಶನ್‌ನವರಿಗೆ ಕಳಿಸಿದರು. ಪ್ಲೈವುಡ್ಡು, ಥರ್ಮೋಕೋಲು, ಚಿನ್ನದ ಬಣ್ಣ, ಕೆಲಸ ಶುರುವಾಯಿತು. ಕಲ್ಯಾಣ ಮಂಟಪದ ಬಾಗಿಲಿಗೆ ಅದೇ ಫೋಟೋದ ಆಳೆತ್ತರದ ಪ್ರಿಂಟು ಹಾಕುವುದೆಂದಾಯಿತು. ಅದು ನನ್ನ ಪಾಲಿನ ಕೆಲಸ.

ದೊಡ್ಡ ಪ್ರಿಂಟಿಗೆ ಗಾಜಿನ ಹೊಳಪು ಅಡ್ಡ ಬರುತ್ತದೆ. ಆದ್ದರಿಂದ ಫ್ರೇಮಿನ ಮೊಳೆ ಕಿತ್ತು ಫೋಟೋ ಹೊರತೆಗೆದು ಸ್ಕ್ಯಾನ್ ಮಾಡಿದೆ. ಎಂದಿನಂತೆ ಮೊದಲು ಕಣ್ಣುಗಳನ್ನು ದೊಡ್ಡದು ಮಾಡಿ ನೋಡಿದೆ. ಹಳೇ ಫೋಟೋಗಳಿಗೆ ಸಣ್ಣ ಮರಳು ಉದುರಿಸಿದಂಥ ಮೈ ಇರುತ್ತದೆ, ಗ್ರೇನ್ ಎನ್ನುತ್ತೇವೆ. ಮುಖದ ತುಂಬ ಗ್ರೇನ್ ಇತ್ತು, ಕಣ್ಣುಗಳಲ್ಲಿ ಇರಲಿಲ್ಲ. ಅಲ್ಲಿ ಇದ್ದದ್ದು ಬ್ರಶ್ಶಿನ ಗೆರೆಗಳು. ಕಣ್ಣನ್ನು ಯಾರೋ ಆಮೇಲೆ ಕೂತು ಬರೆದಿದ್ದರು.

ಎದೆಯ ಮೇಲಿನ ಶಲ್ಯ ಹೊದ್ದದ್ದಲ್ಲ, ಬೆನ್ನ ಹಿಂದಿನ ಹಲಗೆಗೆ ಬಿಗಿದು ಕಟ್ಟಿದ್ದು. ರಟ್ಟಿನಡಿ ಮುಚ್ಚಿಹೋಗಿದ್ದ ಭಾಗದಲ್ಲಿ ಗಾಡಿಯೇ ಇರಲಿಲ್ಲ. ಚಕ್ರಗಳೆಂದುಕೊಂಡದ್ದು ಅಂಟಿಸಿದ ಬಣ್ಣದ ಕಾಗದದ ಬಿಲ್ಲೆಗಳು. ಕೆಳಗೆ ಬಿದಿರು ಗಳ, ಗಳಕ್ಕೆ ಹೆಗಲು ಕೊಟ್ಟ ಗಂಡಸರು, ಮುಂದೆ ಗಂಟೆ ಹಿಡಿದ ಐನೋರು.

ನಮ್ಮ ಜನದಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಕೂರಿಸಿ, ಸಿಂಗಾರದ ಮಂಟಪದಲ್ಲಿ ಹೊತ್ತುಕೊಂಡು ಹೋಗಿ ಕೂತಂತೆಯೇ ಮಣ್ಣು ಮಾಡುತ್ತೇವೆ. ಆ ಮಂಟಪಕ್ಕೆ ವಿಮಾನ ಎಂದು ಹೆಸರು. ಈಗ ನಾಲ್ಕು ಬಿದಿರು, ಎರಡು ಹಾರ, ಒಂದು ಟ್ರ್ಯಾಕ್ಟರಿನಲ್ಲಿ ಮುಗಿಯುತ್ತದೆ. ಇಷ್ಟು ಕುಸುರಿಯ ವಿಮಾನವನ್ನು ನಮ್ಮ ತಲೆಮಾರು ಕಂಡೇ ಇಲ್ಲ. ಆದರೆ ಶಲ್ಯದ ಆ ಗಂಟು ನನಗೆ ಗೊತ್ತಿತ್ತು. ಹಿಂದಿನ ವರ್ಷ ನಮ್ಮಜ್ಜನ ಎದೆಗೆ ಅದೇ ಗಂಟು ಹಾಕಿದವನು ನಾನು. ಬದುಕಿದ್ದಾಗ ಒಂದೂ ಫೋಟೋ ತೆಗೆಸದವರಿಗೆ ಹೊರಡುವ ದಿನ ತೆಗೆಸಿ, ಕಣ್ಣು ತೆರೆದಂತೆ ಬರೆಸಿಟ್ಟುಕೊಳ್ಳುವುದು ಹಿಂದೆ ಇತ್ತು.

ಅಂಥ ವಿಮಾನದಲ್ಲಿ ಸೌಮ್ಯಳನ್ನು ಕೂರಿಸಿ ಆರತಕ್ಷತೆಗೆ ಕರೆತರುವವರಿದ್ದರು.

ರುದ್ರಣ್ಣನನ್ನು ಎಳೆದುಕೊಂಡು ಬಂದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ನಾನೇ ಓಗಿ ಏಳ್ತೀನಿ ಬುಡ್ಲಾ. ನೀನ್ ಏಳಿದ್ರೆ ತಮಾಷೆ ಅಂದ್ಕತಾರೆ" ಎಂದರು. ಅದು ನಿಜವೇ ಅನಿಸಿತು. ಸಂಜೆ ಹೊನ್ನವಳ್ಳಿಗೆ ಹೋಗಿ ಬಂದರು.

"ಏಳ್ದೆ ಕಣ್ಲಾ. ಇರ್ಲಿ ಬುಡು, ಇರೀಕರ ಆಶೀರ್ವಾದ ಅಂದ್ರು. ಜನಕ್ಕೆ ಗೊತ್ತಾಗ್ದಂಗೆ ಕೆಳಗಿನದನ್ನ ಅಳಿಸಿ ಎರಡು ಕುದ್ರೆ ಆಕ್ಬೇಕಂತೆ."

ವಿಚಿತ್ರ ಅನಿಸಿತು. ಆದರೆ ಹೇಳಿದವರು ರುದ್ರಣ್ಣ. ಹೊತ್ತವರನ್ನು ಒಬ್ಬೊಬ್ಬರನ್ನೇ ಅಳಿಸಿದೆ. ಅವರಿದ್ದ ಜಾಗದಲ್ಲಿ ಎರಡು ಬಿಳಿ ಕುದುರೆಗಳನ್ನು ಕೂರಿಸಿದೆ. ಒಳ್ಳೆಯ ಕುದುರೆಗಳು, ಬಾಲಕ್ಕೇ ಅರ್ಧ ದಿನ ಹಿಡಿದಿತ್ತು.

ಆರತಕ್ಷತೆಯ ಸಂಜೆ ಕಲ್ಯಾಣ ಮಂಟಪದ ಬಾಗಿಲಲ್ಲಿ ನನ್ನ ಪ್ರಿಂಟಿನ ಕುದುರೆಗಳು ಓಡುತ್ತಿದ್ದವು. ಕೆಳಗೆ ಸಾರೋಟು ಥಳಥಳಿಸುತ್ತಿತ್ತು. ಸೌಮ್ಯ ಹತ್ತಿ ಕೂತಳು, ಗಂಡು ಇನ್ನೂ ರುಮಾಲು ಸರಿಮಾಡಿಕೊಳ್ಳುತ್ತಿದ್ದ. ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ಗಂಗಮ್ಮಜ್ಜಿ ಎದ್ದು, ಕೋಲೂರಿಕೊಂಡು ಬಂದು, ಮೂಲೆಯ ನವಿಲನ್ನು ಸವರಿ ನೋಡಿದರು.

"ಯಾರ್ಲಾ ಅದು, ನಮ್ಮಪ್ಪನ ಇಮಾನದಾಗೆ ಮಗೀನ ಕೂರ್ಸಿರೋರು?"

ವಾಲಗ ನಿಂತಿತು. ಪರಮೇಶಣ್ಣ ಓಡಿ ಬಂದು ಅಜ್ಜಿಯ ಕಿವಿಗೆ ಬಾಯಿ ಹಚ್ಚಿ, "ಅತ್ತೆ, ಇದು ಸಾರೋಟು ಕಣತ್ತೆ, ಅರಮನೇದು!" ಎಂದು ಕೂಗಿದರು.

"ಯಾವ ಅರಮನೇನೋ? ಇಮಾನದ ಗಳ ಇಡ್ಕಂಡು ತೋಟದಗಂಟ ಅಳ್ತಾ ಓದೋಳು ನಾನು. ನಂಗೇ ಏಳ್ತೀಯ?"

ಗಂಡಿನ ಕಡೆಯವರು ಕುರ್ಚಿಗಳಿಂದ ಎದ್ದರು. ಯಾರೋ "ಅಪಶಕುನ" ಎಂದರು. ಪರಮೇಶಣ್ಣನ ಮುಖ ಬಿಳಿಚಿತು. ಧೈರ್ಯ ಹೇಳಲು ನಾನು ಹತ್ತಿರ ಹೋದೆ. "ಅಣ್ಣ, ನಿಮಗೆ ಮೊದ್ಲೇ ಗೊತ್ತಿತ್ತಲ್ಲ, ರುದ್ರಣ್ಣ ಮನೆಗೇ ಬಂದು ಹೇಳಿದ್ರಲ್ಲ..."

"ಏನನ್ನ?" ಎಂದರು ಪರಮೇಶಣ್ಣ.

ನಾನು ರುದ್ರಣ್ಣನತ್ತ ತಿರುಗಿದೆ. ಪಾಸ್‌ಪೋರ್ಟ್ ಫೋಟೋಗೆ ಬಂದ ಹೊಸ ಗಿರಾಕಿಯನ್ನು ನೋಡುವಂತೆ ಅವರು ನನ್ನನ್ನು ನೋಡಿದರು.

"ಏನ್ಲಾ ಇದು? ಫ್ರೇಮು ಬಿಚ್ಚಿದೋನು ನೀನು. ನಂಗ್ಯಾವಾಗ ಏಳ್ದೆ? ನೋಡಿ ಪರಮೇಶಣ್ಣ, ಆ ಕುದ್ರೆ ಬರ್ದೋನೂ ಇವನೇ. ಸಾವು ಬದುಕು ಎಲ್ಲಾದ್ರಾಗೂ ಇವನಿಗೆ ತಮಾಷೆ."

ಅವರು ಅಂದು ಹೇಳಿದ್ದನ್ನು ಇದ್ದದ್ದು ಇದ್ದಂತೆ ಹೇಳಿಬಿಡೋಣ ಎಂದು ಬಾಯಿ ತೆರೆದೆ. "ಏಳ್ದೆ ಕಣ್ಲಾ. ಇರ್ಲಿ ಬುಡು, ಇರೀಕರ ಆಶೀರ್ವಾದ ಅಂದ್ರು..." ಹೊರಬಂದದ್ದು ರುದ್ರಣ್ಣನ ದನಿ. ಅದೇ ಎಳೆತ, ನಡುವೆ ಅದೇ ಸಣ್ಣ ಕೆಮ್ಮು. ಬೇಕೆಂದು ಮಾಡಿದ್ದಲ್ಲ, ಕೇಳಿದ್ದನ್ನು ಬೇರೆ ಥರ ಹೇಳಲು ನನಗೆ ಬರುತ್ತಿರಲಿಲ್ಲ.

ಜನ ಗೊಳ್ಳೆಂದು ನಕ್ಕರು. ಒಬ್ಬನಂತೂ ಚಪ್ಪಾಳೆ ತಟ್ಟಿದ.

"ನಗಬೇಡಿ" ಎಂದಳು ಸೌಮ್ಯ. ಸೀರೆ ಎತ್ತಿ ಹಿಡಿದು ತಾನೇ ಕೆಳಗಿಳಿದು ಬಂದಳು. "ಅವರು ಅಣಕಿಸ್ತಿಲ್ಲ." ಆಮೇಲೆ ರುದ್ರಣ್ಣನನ್ನು ಕೇಳಿದಳು. "ಅವತ್ತು ಮನೆಗೆ ಬಂದಿದ್ರಲ್ಲ, ಯಾಕೆ ಬಂದಿದ್ರಿ?"

"ಆಲ್ಬಮ್ ಡಿಸೈನ್ ತೋರ್ಸಕ್ಕೆ ಕಣಮ್ಮ" ಎಂದರು ರುದ್ರಣ್ಣ, ನೆಲ ನೋಡುತ್ತ.

ಅವಳಿಗೆ ಅರ್ಥವಾಯಿತು. ಆದರೆ ಪರಮೇಶಣ್ಣನಿಗೆ ಆ ಹೊತ್ತಿಗೆ ಬೈಯಲು ಒಬ್ಬ ಬೇಕಾಗಿತ್ತು, ಕುದುರೆ ಬರೆದವನು ಕೈಗೆ ಸಿಕ್ಕಿದ್ದ. "ಎದ್ದೋಗ್ಲಾ ಇಲ್ಲಿಂದ" ಎಂದರು. ನಾನು ಹೊರಟ ಮೇಲೆ ಗಂಡಿನ ಕಡೆಯವರನ್ನು ಸಮಾಧಾನ ಮಾಡಿದ್ದು ಗಂಗಮ್ಮಜ್ಜಿ. "ಇಮಾನ ಇತ್ಲಿಗೆ ಕಳ್ಸಿ, ಎಣ್ಣು ನಡ್ಕಂಡ್ ಬರ್ಲಿ. ಕಾಲಿಲ್ವಾ ಅವಳ್ಗೆ? ನಮ್ಮಪ್ಪ ಯಾರ್ಗೂ ಕೇಡು ಮಾಡ್ದೋನಲ್ಲ" ಎಂದರಂತೆ. ಸಾರೋಟನ್ನು ಅಡುಗೆಮನೆ ಹಿಂದಕ್ಕೆ ತಳ್ಳಿ ಟಾರ್ಪಾಲು ಹೊದಿಸಿದರು. ಮಾರನೆಯ ಬೆಳಿಗ್ಗೆ ಮುಹೂರ್ತ ಸರಿಯಾಗಿಯೇ ನಡೆಯಿತು. ಇದನ್ನೆಲ್ಲ ನಾನು ವಾಲಗದವರಿಂದ ಕೇಳಿ ತಿಳಿದದ್ದು.

ಎರಡು ದಿನ ಬಿಟ್ಟು ರುದ್ರಣ್ಣ ಫೋನ್ ಮಾಡಿದರು. ತಪ್ಪಾಯಿತು ಎನ್ನುತ್ತಾರೆಂದು ಕಾದೆ. "ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ಅರ್ಧ ಸಾರೋಟು ಆಗೋಗಿತ್ತು, ನಾನೇನ್ ಮಾಡ್ಲಿ? ನೀನು ಉಡುಗ, ನಿನ್ ಮಾತು ಜನ ಮರೀತಾರೆ. ನಂದು ಅಂಗ್ಡಿ. ನಾಳೆಯಿಂದ ಬಾ" ಎಂದರು. ಮಂಟಪದಲ್ಲಿ ಕೈಬಿಟ್ಟದ್ದಕ್ಕಿಂತ ಆ ಲೆಕ್ಕಾಚಾರ ಹೆಚ್ಚು ಚುಚ್ಚಿತು. ಅವರು ಭಯದಲ್ಲಿ ಎಡವಿರಲಿಲ್ಲ. ಯಾರನ್ನು ಬಿಟ್ಟರೆ ನಷ್ಟ ಕಡಿಮೆ ಎಂದು ಮೊದಲೇ ನೋಡಿಟ್ಟಿದ್ದರು. ನಾನು ಹೋಗಲಿಲ್ಲ.

ಈಗ ತುರುವೇಕೆರೆಯಲ್ಲಿ ನನ್ನದೇ ಒಂದು ಅಂಗಡಿ ಇದೆ. ಒಂದು ಕಂಪ್ಯೂಟರು, ಒಂದು ಸ್ಕ್ಯಾನರು, ಒಬ್ಬನೇ ನೌಕರ. ಮಾಲೀಕನ ಮಾತು ಕೇಳದ ಅವನೂ ನಾನೇ. ಕಳೆದ ಬೇಸಿಗೆಯಲ್ಲಿ ಸೌಮ್ಯ ಗಂಗಮ್ಮಜ್ಜಿಯನ್ನು ಕರೆದುಕೊಂಡು ಬಂದಳು. ಕೈಯಲ್ಲಿ ಅದೇ ಫೋಟೋ.

"ಈ ಕಣ್ಣು ನಮ್ಮಪ್ಪಂದಲ್ಲ. ಮುಚ್ಚುಸ್ತೀಯೇನಪ್ಪ?" ಎಂದು ಅಜ್ಜಿ ಕೇಳಿದರು.

ಮತ್ತೆ ಸ್ಕ್ಯಾನ್ ಮಾಡಿದೆ. ಬಲಗಣ್ಣಿನ ಬಣ್ಣ ಬಿರುಕು ಬಿಟ್ಟು, ಸಂದಿಯಲ್ಲಿ ನಿಜವಾದ ರೆಪ್ಪೆಯ ಗೆರೆ ಕಾಣುತ್ತಿತ್ತು. ಅದನ್ನು ಹಿಡಿದು ಎರಡೂ ಕಣ್ಣು ಮುಚ್ಚಿಸಿದೆ. ಕೆಳಗೆ ಹೊತ್ತವರು ಹೊತ್ತಂತೆಯೇ ಇದ್ದರು. ಅಜ್ಜಿ ಪರದೆಯ ಹತ್ತಿರ ಮುಖ ತಂದು ನೋಡಿ, "ಈಗ ನಮ್ಮಪ್ಪ" ಎಂದರು. ಸೆರಗಿನಿಂದ ಮೂಗು ಒರೆಸಿಕೊಂಡರು.

ಸೌಮ್ಯ ಬಾಗಿಲ ತನಕ ಹೋದವಳು ನಿಂತು ಕೇಳಿದಳು. "ಅವತ್ತು ನನಗೇ ಒಂದು ಫೋನ್ ಮಾಡ್ಬೇಕು ಅನ್ನಿಸ್ಲಿಲ್ವ ನಿಮಗೆ?"

"ಹೇಳಿದೀನಿ ಅಂದ್ರಲ್ಲ ರುದ್ರಣ್ಣ."

"ನಂಬಿದ್ರಿ."

"ನಂಬಿದ್ದೆ" ಎಂದೆ. ಆ ಒಂದು ಮಾತು ಮಾತ್ರ ಇನ್ಯಾರ ದನಿಯಲ್ಲೂ ಇರಲಿಲ್ಲ.

ಹಳೇ ಫೋಟೋ ಬಂದರೆ ಈಗ ಗಿರಾಕಿಯ ಎದುರಲ್ಲೇ ಫ್ರೇಮು ಬಿಚ್ಚುತ್ತೇನೆ. ರಟ್ಟಿನ ಹಿಂದೆ ಏನಿದ್ದರೂ ಮೊದಲು ಅವರೇ ನೋಡಬೇಕು, ನನ್ನ ಮಾತು ಆಮೇಲೆ. ಮನೆಯವರಿಗೆ ವಿಷಯ ತಿಳಿಸಿದ್ದೇನೆ ಎಂದು ನಡುವಿನವರು ಎಷ್ಟು ಪ್ರೀತಿಯಿಂದ ಹೇಳಿದರೂ ನಾನು ಇನ್ನೊಮ್ಮೆ ಫೋನ್ ಮಾಡಿ ಹೇಳುತ್ತೇನೆ. ಒಂದೇ ಸಂಗತಿ ಎರಡು ಸಲ ಕೇಳಿ ಕೆಲವರು ರೇಗುತ್ತಾರೆ. ರೇಗಲಿ.