ಆ ಸಂಚಿ ನನ್ನಜ್ಜಿಯದಲ್ಲ

ಆ ಕುರ್ತಾವನ್ನು ಹೊಲಿದದ್ದು ನಾನಲ್ಲ. ಅದರ ವಿನ್ಯಾಸವೂ ನನ್ನದಲ್ಲ. ಅದರ ಜೇಬಿನ ಹಿಂದೆ ಒಬ್ಬ ಅಜ್ಜಿಯ ಕತೆ ಇದೆ ಎಂದು ಇಷ್ಟು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆನಲ್ಲ — ಆ ಅಜ್ಜಿಯೂ ನನ್ನ ಅಜ್ಜಿಯಲ್ಲ. ಹದಿಮೂರು ವರ್ಷದ ಹಿಂದೆ, ತುಮಕೂರಿನಲ್ಲಿ ನಡೆದ ಒಂದು ಸಂದರ್ಶನದಲ್ಲಿ, ನಾನು ಹಾಕಿಕೊಂಡಿದ್ದ ಬಟ್ಟೆಯನ್ನು ನೋಡಿ ‘ಇದನ್ನು ಮಾಡಿದ್ದು ಯಾರು?’ ಎಂದು ಕೇಳಿದರು. ‘ನಾನೇ’ ಎಂದೆ. ಅದನ್ನು ನಿಜವಾಗಿ ಮಾಡಿದವಳು ಬಾಗಿಲಿನಾಚೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತನ್ನ ಸರದಿಗಾಗಿ ಕಾಯುತ್ತಿದ್ದಳು.

ನಾಗರತ್ನ ಅವಳ ಹೆಸರು, ನನಗೆ ರತ್ನ. ಅವಳು ಕುಣಿಗಲ್ಲಿನವಳು, ನಾನು ಗುಬ್ಬಿಯವಳು. ತುಮಕೂರಿನಲ್ಲಿ ಉಡುಪು ವಿನ್ಯಾಸದ ಡಿಪ್ಲೊಮಾ ಓದುವಾಗ ಮೂರು ವರ್ಷವೂ ಒಂದೇ ಬೆಂಚಿನಲ್ಲಿ ಕೂತವರು. ನಾನು ಬೆಳಗಿನ ರೈಲಿಗೆ ಬರುತ್ತಿದ್ದೆ, ಅವಳು ಹೆಬ್ಬೂರಿನ ಮೇಲೆ ಬರುವ ಬಸ್ಸಿಗೆ. ನನ್ನ ತಂದೆ ಹೈಸ್ಕೂಲು ಮೇಷ್ಟ್ರು. ಅವಳ ತಾಯಿ ನಡುಮನೆಯಲ್ಲೇ ಮಿಷಿನ್ನು ಹಾಕಿಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದರು. ನನಗೆ ಚಿತ್ರ ಬರೆಯಲು ಬರುತ್ತಿತ್ತು, ನಾಲ್ಕು ಜನರ ಮುಂದೆ ಮಾತಾಡಲು ಬರುತ್ತಿತ್ತು. ರತ್ನನಿಗೆ ಬಟ್ಟೆ ಬರುತ್ತಿತ್ತು — ಹೀಗೆ ಹೇಳಬಹುದೋ ಇಲ್ಲವೋ — ಎರಡು ಬೆರಳಿನ ನಡುವೆ ಬಟ್ಟೆಯನ್ನು ಉಜ್ಜಿ, ಇದು ಮೈಮೇಲೆ ಹೇಗೆ ಬೀಳುತ್ತದೆ, ಒಗೆದ ಮೇಲೆ ಎಲ್ಲಿ ಎಳೆಯುತ್ತದೆ ಎಂದು ಹೇಳಿಬಿಡುತ್ತಿದ್ದಳು. ಅದು ನನ್ನ ಕೈಗೆ ಬರುವುದಿಲ್ಲ ಎಂದು ಮೊದಲ ವರ್ಷವೇ ನನಗೆ ಗೊತ್ತಾಗಿತ್ತು. ಬಹುಶಃ ಎಲ್ಲವೂ ಅಲ್ಲಿಂದಲೇ... ಇರಲಿ, ಕಾರಣ ಹುಡುಕಲು ಕೂತಿಲ್ಲ ನಾನು.

ಓದು ಮುಗಿದ ವರ್ಷ ನಮ್ಮಿಬ್ಬರಿಗೂ ಒಂದೇ ಕಡೆಯಿಂದ ಸಂದರ್ಶನಕ್ಕೆ ಕರೆ ಬಂತು. ಹತ್ತಿ ಉಡುಪುಗಳನ್ನು ವಿನ್ಯಾಸ ಮಾಡಿ ದೊಡ್ಡ ಅಂಗಡಿಗಳಿಗೆ ಕೊಡುವ ಒಂದು ಸಂಸ್ಥೆ — ಹೆಸರು ಇಲ್ಲಿ ಬೇಡ. ಬೇಕಾಗಿದ್ದದ್ದು ಒಬ್ಬರೇ. ಇಬ್ಬರಿಗೂ ಅದು ಗೊತ್ತಿತ್ತು. ಅದೇ ಹೊತ್ತಿಗೆ ನಮ್ಮ ಮನೆಯಲ್ಲಿ ಊರ್ಡಿಗೆರೆಯ ಒಂದು ಸಂಬಂಧದ ಮಾತು ನಡೆದಿತ್ತು. ‘ಕೆಲಸ ಸಿಕ್ತೋ, ಸರಿ. ಸಿಗಲಿಲ್ವೋ, ಅವರಿಗೆ ಬನ್ನಿ ಅಂತ ಹೇಳ್ತೀನಿ’ ಎಂದು ಅಪ್ಪ ಹೇಳಿದ್ದರು. ಅದನ್ನು ರತ್ನನ ಮುಂದೆ ಹೇಳಿಕೊಂಡು ಅತ್ತಿದ್ದೆ. ಯಾಕೆ ಹೇಳಿಕೊಂಡೆನೋ — ಅವಳು ಅದನ್ನು ಮರೆಯುವವಳಲ್ಲ.

ಸಂದರ್ಶನಕ್ಕೆ ಏನು ಹಾಕಿಕೊಂಡು ಹೋಗಬೇಕು ಎಂದು ನಮ್ಮ ಸೀನಿಯರ್‌ಗಳನ್ನು ಕೇಳಿದ್ದೆವು. ಬಿಳಿ ಶರ್ಟು, ಕಪ್ಪು ಪ್ಯಾಂಟು, ಕೂದಲು ಬಿಗಿಯಾಗಿ ಕಟ್ಟಬೇಕು ಎಂದರು. ನಾನು ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಹಾಗೇ ಒಂದು ಜೊತೆ ಕೊಂಡೆ. ಭಾನುವಾರ ಅದನ್ನು ಹಿಡಿದುಕೊಂಡು ರತ್ನನ ಮನೆಗೆ ಹೋದೆ. ಹಾಕಿಕೊಂಡು ಅವಳ ಮುಂದೆ ನಿಂತಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

‘ಹೋಟ್ಲಲ್ಲಿ ಆರ್ಡರ್ ತಗೊಳ್ಳೋಕ್ ಬಂದಂಗಿದೀಯ ಕಣೇ ಭವಿ. ಬಟ್ಟೆ ಮಾಡೋ ಕೆಲಸಕ್ಕೆ ಹೋಗ್ತಾ ಯಾರೋ ಮಾಡಿದ್ ಬಟ್ಟೇಲಿ ಹೋದ್ರೆ ಹೆಂಗೆ?’

ಆಮೇಲೆ ಅವಳು ತನಗಾಗಿ ಹೊಲಿದುಕೊಂಡದ್ದನ್ನು ತಂದು ತೋರಿಸಿದಳು. ನೀಲಿ ಕೈಮಗ್ಗದ ಕುರ್ತಾ. ಹಳೆಯ ಸೀರೆಗಳ ಅಂಚನ್ನು ಬಿಡಿಸಿ ತೆಗೆದು, ಸಣ್ಣ ಪಟ್ಟಿಗಳಾಗಿ ಮಡಚಿ, ಎಡ ಹೆಗಲಿನಿಂದ ಬಲಸೊಂಟದವರೆಗೆ ಓರೆಯಾಗಿ ಕೂರಿಸಿದ್ದಳು. ಸೊಂಟದ ಬಳಿ ಆ ಪಟ್ಟಿಗಳೇ ಒಂದರ ಮೇಲೊಂದು ಸೇರಿ ಜೇಬಾಗಿದ್ದವು. ಹೊರಗಿನಿಂದ ನೋಡಿದರೆ ಜೇಬು ಇದೆ ಎಂದೇ ತಿಳಿಯದು. ಕೈ ಹಾಕಿದರೆ ಒಳಗೆ ಒಂದರ ಪಕ್ಕ ಒಂದು ಮೂರು ಅರೆ. ಅದು ಅವಳ ಅಜ್ಜಿಯ ಎಲೆಅಡಿಕೆ ಸಂಚಿ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಎಂದು ಮೂರು ಅರೆಯ ಸಂಚಿಯನ್ನು ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದರು. ಗದ್ದೆ ನಾಟಿಗೆ ಬಗ್ಗಿದಾಗಲೂ ಅದರಿಂದ ಒಂದು ಚೂರು ಬೀಳುತ್ತಿರಲಿಲ್ಲವಂತೆ. ಆ ದಿನವೂ ಹೊಸಿಲ ಬಳಿ ಕೂತಿದ್ದರು. ಸಂಚಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ‘ನೋಡವ್ವ, ನೋಡು. ಇವ್ಳು ಇದ್ನ ದೊಡ್ ಆಫೀಸ್‌ನೋರಿಗೆ ತೋರಿಸ್ತಾಳಂತೆ’ ಎಂದು ನಕ್ಕರು.

ನಾನು ನಗಲಿಲ್ಲ. ಆ ಕುರ್ತಾ ನೋಡಿದ ಕೂಡಲೇ ಕೆಲಸ ಯಾರಿಗೆ ಎಂಬುದು ನನಗೆ ತಿಳಿದುಹೋಗಿತ್ತು. ನನ್ನ ಮುಖ ಅವಳಿಗೆ ಕಂಡಿರಬೇಕು. ‘ಬುಡು, ನಿನಗೂ ಒಂದ್ ಹೊಲ್ಕೊಡ್ತೀನಿ. ಇನ್ನೂ ನಾಲ್ಕ್ ದಿನ ಅದೆ’ ಎಂದಳು. ಬೇಡ ಎನ್ನಬಹುದಿತ್ತು. ಅನ್ನಲಿಲ್ಲ.

ಸಂದರ್ಶನದ ಬೆಳಿಗ್ಗೆ ತುಮಕೂರು ರೈಲ್ವೆ ಸ್ಟೇಷನ್ನಿನಲ್ಲಿ ಹೆಂಗಸರು ಕಾಯುವ ಕೋಣೆಯಲ್ಲಿ ಅವಳು ನನ್ನನ್ನು ಸಿದ್ಧಮಾಡಿದಳು. ನನ್ನದು ರಾಗಿ ಬಣ್ಣದ್ದು. ಮಿಕ್ಕಿದ್ದೆಲ್ಲ ಅವಳದರ ಹಾಗೆಯೇ. ಹೆಗಲು ಸ್ವಲ್ಪ ಸಡಿಲವಿತ್ತು. ಸೂಜಿ ತೆಗೆದು, ನಾನು ನಿಂತಂತೆಯೇ ಎರಡು ಹೊಲಿಗೆ ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದಳು. ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡು ಬಂದಿದ್ದೆ. ಬಿಚ್ಚಿ ಸಡಿಲವಾಗಿ ಜಡೆ ಹಾಕಿದಳು. ಬೊಟ್ಟನ್ನು ಚಿಕ್ಕದು ಮಾಡಿದಳು. ಚಪ್ಪಲಿಯ ಧೂಳನ್ನು ತನ್ನ ಕರ್ಚೀಫಿನಿಂದ ಒರೆಸಿದಳು — ನಾನು ಕಾಲು ಹಿಂದೆಗೆದೆ, ಅವಳು ಬಿಡಲಿಲ್ಲ. ಕೊನೆಗೆ ಎರಡು ಹೆಜ್ಜೆ ಹಿಂದೆ ನಿಂತು ನೋಡಿ ಹೇಳಿದಳು: ‘ಯಾರಾದ್ರೂ ಕೇಳಿದ್ರೆ ನನ್ನ ಹೆಸ್ರು ಹೇಳೇ. ನಂಗೂ ಒಳ್ಳೇದಾಗ್ತದೆ.’ ‘ಹೇಳ್ದೇ ಇರ್ತೀನಾ’ ಎಂದೆ. ಆಗ ಅದು ಸುಳ್ಳಾಗಿರಲಿಲ್ಲ. ಅಥವಾ ಆಗಲೇ ಆಗಿತ್ತೋ — ಎಷ್ಟು ಸಲ ಯೋಚಿಸಿದರೂ ನನಗೆ ಹೇಳಲು ಬಂದಿಲ್ಲ.

ಹೆಸರಿನ ಇಂಗ್ಲಿಷ್ ಅಕ್ಷರದ ಪ್ರಕಾರ ಕರೆದರು. ಭವ್ಯ ಮೊದಲು, ನಾಗರತ್ನ ಆಮೇಲೆ.

ಮೇಜಿನಾಚೆ ಮೂವರು. ನಡುವೆ ಕೂತಿದ್ದ ಮೇಡಮ್ಮೇ ಸಂಸ್ಥೆಯನ್ನು ಕಟ್ಟಿದವರು. ನನ್ನ ಫೈಲಿನ ಚಿತ್ರಗಳನ್ನು ಒಂದೊಂದಾಗಿ ತಿರುವಿದರು. ಚೆನ್ನಾಗಿದೆ ಎಂದರು, ಆದರೆ ಹಾಗೆನ್ನುವಾಗ ತಲೆಯೆತ್ತಲಿಲ್ಲ. ಕೊನೆಯ ಹಾಳೆ ಮಗುಚಿ ಫೈಲನ್ನು ನನ್ನ ಕಡೆಗೆ ಸರಿಸಿದರು. ಮುಗಿಯಿತು ಎಂದುಕೊಂಡೆ. ಹಣೆ ಬೆವರಿತ್ತು, ಕರ್ಚೀಫಿಗಾಗಿ ಜೇಬಿಗೆ ಕೈ ಹಾಕಿದೆ. ಮೇಡಮ್ ಆಗ ನೋಡಿದರು.

‘ಅಲ್ಲಿ ಜೇಬಿದೆಯಾ? ಎದ್ದು ನಿಲ್ಲಮ್ಮ, ನೋಡೋಣ.’

ನಿಂತೆ. ತಿರುಗು ಎಂದರು, ತಿರುಗಿದೆ. ಅವರು ಎದ್ದು ಬಂದು ಪಟ್ಟಿಯ ಮೇಲೆ ಬೆರಳಾಡಿಸಿದರು — ಬಟ್ಟೆ ಬಲ್ಲವರ ಬೆರಳು, ರತ್ನನ ಬೆರಳಿನಂಥದ್ದೇ. ‘ಇದನ್ನು ಮಾಡಿದ್ದು ಯಾರು?’

‘ನಾನೇ ಮೇಡಮ್.’

ಯಾರೂ ನನ್ನನ್ನು ಹೆದರಿಸಲಿಲ್ಲ. ನಾಲಿಗೆ ತಡವರಿಸಲೂ ಇಲ್ಲ. ಇದು ನಿನಗೆ ಹೇಗೆ ಹೊಳೆಯಿತು ಎಂದು ಅವರು ಕೇಳಿದಾಗ, ಅಷ್ಟಕ್ಕೇ ನಿಲ್ಲಿಸಬಹುದಾಗಿದ್ದ ನಾನು, ನಮ್ಮಜ್ಜಿಯ ಹತ್ತಿರ ಮೂರು ಅರೆಯ ಒಂದು ಸಂಚಿ ಇತ್ತು ಮೇಡಮ್ ಎಂದು ಶುರುಮಾಡಿದೆ. ನಾಟಿಗೆ ಬಗ್ಗಿದಾಗಲೂ ಒಂದು ಚೂರು ಬೀಳದೆ ಇದ್ದದ್ದನ್ನೂ ಹೇಳಿದೆ. ಅವರ ಮುಖ ಅರಳಿತು.

ಹೊರಗೆ ಬಂದಾಗ ರತ್ನ ‘ಹೆಂಗಾಯ್ತೇ?’ ಎಂದಳು. ಪರವಾಗಿಲ್ಲ ಎಂದೆ. ಅವಳು ನೀಲಿ ಕುರ್ತಾದ ಮುಂಭಾಗವನ್ನು ನೀವಿಕೊಂಡು ಒಳಗೆ ಹೋದಳು. ಆಗಲಾದರೂ ಅವಳ ಕೈ ಹಿಡಿದು ಹೇಳಬಹುದಿತ್ತು. ಬಾಗಿಲು ತೆರೆದು ಮುಚ್ಚುವಷ್ಟು ಹೊತ್ತಿತ್ತು.

ಬೇಗ ಬಂದಳು. ಬಸ್ ಸ್ಟ್ಯಾಂಡಿನವರೆಗೂ ಇಬ್ಬರೂ ನಡೆದೇ ಹೋದೆವು. ಕುಣಿಗಲ್ ಬಸ್ಸು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವಳು ತಿರುಗಿದಳು.

‘ಭವಿ, ಅಜ್ಜಿ ವಿಷ್ಯಾನೂ ಹೇಳ್ಬಿಟ್ಯಾ?’

‘ಅವರೇ ಕೇಳಿದ್ರು ಕಣೇ...’ ಎಂದೆ. ಅವಳು ಹತ್ತಿ, ಆಚೆ ಬದಿಯ ಕಿಟಕಿಯ ಪಕ್ಕ ಕೂತಳು.

ಕೆಲಸ ನನಗೆ ಸಿಕ್ಕಿತು. ಊರ್ಡಿಗೆರೆಯವರಿಗೆ ಅಪ್ಪ ಬೇಡವೆಂದು ಹೇಳಿ ಕಳಿಸಿದರು. ಮೊದಲ ವರ್ಷವೇ ಆ ಕುರ್ತಾ ಸಂಸ್ಥೆಯ ಹೆಸರಿನಲ್ಲಿ ಅಂಗಡಿಗಳಿಗೆ ಹೋಯಿತು. ಜನ ಹುಡುಕಿಕೊಂಡು ಬಂದು ಕೊಂಡರು. ಅದರ ಜೊತೆಗೆ ಕೊಡುವ ಚೀಟಿಯಲ್ಲಿ ನನ್ನ ಅಜ್ಜಿಯ ಸಂಚಿಯ ಕತೆ ಅಚ್ಚಾಯಿತು. ಕೇಳಿದವರಿಗೆಲ್ಲ ನಾನು ಅದನ್ನು ಬೆಳೆಸಿ ಹೇಳಿದೆ — ಸಂಚಿಯ ಬಣ್ಣ, ಅದರ ವಾಸನೆ, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಜ್ಜಿ ಅದನ್ನು ಬಿಚ್ಚುತ್ತಿದ್ದ ರೀತಿ. ನನ್ನ ಅಜ್ಜಿ ತೀರಿಕೊಂಡಾಗ ನನಗೆ ಎರಡು ವರ್ಷ. ಒಮ್ಮೆ ಅಮ್ಮ ಆ ಚೀಟಿಯನ್ನು ಓದಿ, ಕನ್ನಡಕ ತೆಗೆದು, ‘ನಿಮ್ಮಜ್ಜಿ ಯಾವತ್ತೂ ಎಲೆಅಡಿಕೆ ಹಾಕ್ದೋರಲ್ವಲ್ಲೇ’ ಎಂದರು. ‘ಅದು ಕಂಪನಿಯವರು ಸುಮ್ನೆ ಬರೆದಿರೋದು ಬಿಡಮ್ಮ’ ಎಂದೆ. ಅಮ್ಮ ಮತ್ತೆ ಕೇಳಲಿಲ್ಲ. ಆದರೆ ಆ ಚೀಟಿಯನ್ನು ಇಟ್ಟುಕೊಳ್ಳಲೂ ಇಲ್ಲ, ಟೀವಿಯ ಮೇಲೆ ಬಿಟ್ಟು ಒಳಗೆ ಹೋದರು.

ರತ್ನನಿಗೆ ನಾನು ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ. ಅವಳಿಗೆ ಒಳಗೆ ಏನು ಕೇಳಿದರು, ಅವಳೇನು ಹೇಳಿದಳು ಎಂಬುದು ನನಗೆ ಹದಿಮೂರು ವರ್ಷ ಗೊತ್ತಿರಲಿಲ್ಲ. ಅವಳು ಏನೂ ಹೇಳದೆ ಬಂದಿರಬೇಕು ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಹೋದ ತಿಂಗಳು ಮೇಡಮ್ ಕೆಲಸದಿಂದ ನಿವೃತ್ತರಾದರು. ಬೀಳ್ಕೊಡುವ ದಿನ ಊಟದ ಹೊತ್ತಿನಲ್ಲಿ ನನ್ನ ಪಕ್ಕ ಕೂತು ಹಳೆಯದನ್ನೆಲ್ಲ ನೆನೆಸಿಕೊಳ್ಳುತ್ತಿದ್ದರು. ‘ಅವತ್ತು ನಿನ್ನ ಹಿಂದೆಯೇ ಇನ್ನೊಬ್ಬಳು ಬಂದಿದ್ದಳಲ್ಲ, ಅಂಥದ್ದೇ ಕುರ್ತಾ ಹಾಕಿಕೊಂಡು. ನಿನ್ನಜ್ಜಿಯ ಸಂಚಿಯ ವಿಷಯ ಹೇಳಿ, ಇದನ್ನೂ ನಿಮ್ಮ ಕಾಲೇಜಿನ ಗೆಳತಿಯೇ ಹೊಲಿದುಕೊಟ್ಟಳಾ ಅಂತ ಕೇಳಿದೆ. ಹೌದು ಮೇಡಮ್, ಅವಳೇ ಹೊಲಿದುಕೊಟ್ಟಳು ಅಂದಳು. ಫೈಲಿನಲ್ಲಿ ಅದರ ಚಿತ್ರವೂ ಇತ್ತು. ಅದೂ ನಿನ್ನದೇ ಅಂದಳು. ಕೆಲಸ ಕೊಡೋಕಾಗಲಿಲ್ಲ, ಆದರೆ ಪ್ರಾಮಾಣಿಕ ಹುಡುಗಿ.’

ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದೆ. ಮೇಡಮ್ಮಿಗೆ ಆಗಲೂ ಹೇಳಲಿಲ್ಲ. ಇದನ್ನೂ ಬರೆಯಬೇಕು — ಆಗಲೂ ಹೇಳಲಿಲ್ಲ.

ಮೂರು ದಿನ ಬಿಟ್ಟು ಕುಣಿಗಲ್ಲಿಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವಳದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಇಬ್ಬರು ಹೆಂಗಸರು ಅವಳ ಕೈಕೆಳಗೆ ಕೆಲಸ ಮಾಡುತ್ತಾರೆ. ಒಬ್ಬ ಮದುಮಗಳ ಅಳತೆ ತೆಗೆಯುತ್ತಿದ್ದಳು. ನನ್ನನ್ನು ಕಂಡು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ‘ಕೂತ್ಕೋ, ಬಂದೆ’ ಎಂದಳು, ನಿನ್ನೆ ತಾನೇ ನೋಡಿದವಳ ಹಾಗೆ. ಮದುಮಗಳು ಹೋದ ಮೇಲೆ ಎಲ್ಲವನ್ನೂ ಹೇಳಿದೆ. ನಾನು ಅಭ್ಯಾಸ ಮಾಡಿಕೊಂಡು ಹೋಗಿದ್ದ ವಾಕ್ಯಗಳೆಲ್ಲ ಅರ್ಧಕ್ಕೇ ನಿಂತವು. ಅವಳು ಕೇಳಿಸಿಕೊಂಡಳು. ಆಮೇಲೆ,

‘ಈಗ್ಯಾಕ್ ಬಂದೆ ಭವಿ? ಹೇಳಿ ಹಗುರ ಮಾಡ್ಕೊಳ್ಳೋಕಾ?’

ಅವಳೇ ಮುಂದುವರಿಸಿದಳು.

‘ಅಲ್ಲ ಅಂದಿದ್ರೆ ಅವತ್ತೇ ನಿನ್ನ ಆಚೆ ಕಳಿಸ್ತಿದ್ರು. ಆ ಊರ್ಡಿಗೆರೆ ಮನೇಲಿ ಸಿಕ್ಕಾಕ್ಕೊಳ್ತಿದ್ದೆ. ಅದ್ಕೇ ಹೌದು ಅಂದೆ. ಕೆಲಸ ಕೈಗ್ ಬಂದ್ಮೇಲೆ ನೀನೇ ಹೋಗಿ ಹೇಳ್ತೀಯ ಅಂದ್ಕೊಂಡಿದ್ದೆ ಕಣೇ. ತುಂಬಾ ದಿನ ಕಾದೆ. ಫೋನ್ ಬಂದಾಗೆಲ್ಲ ನೀನೇ ಅಂತ ಓಡ್ಬರ್ತಿದ್ದೆ.’ ಕುತ್ತಿಗೆಯ ಟೇಪನ್ನು ತೆಗೆದು ಸುತ್ತುತ್ತ ಅಂದಳು: ‘ಮನೆಗೆ ಹೋದ ತಕ್ಷಣ ಅಜ್ಜಿ ಕೇಳ್ತು, ನನ್ ಸಂಚಿ ನೋಡಿ ಏನಂದ್ರು ಅಂತ. ಚೆನ್ನಾಗದೆ ಅಂದ್ರು ಅಂದೆ. ಸಾಯೋವರ್ಗೂ ಬಂದೋರಿಗೆಲ್ಲ ಅದ್ನೇ ಹೇಳ್ಕೊಂಡಿತ್ತು.’

ಕ್ಷಮಿಸು ಎಂದೆ. ಅವಳು ಕಾಫಿ ತರಿಸಿದಳು. ಮತ್ತೊಬ್ಬರು ಬಟ್ಟೆ ಕೊಡಲು ಬಂದರು, ಎದ್ದು ಹೋದಳು.

ಈಗ ಸಂಸ್ಥೆಯವರಿಗೆ ಪತ್ರ ಬರೆದಿದ್ದೇನೆ. ಮೇಡಮ್ಮಿಗೂ ಒಂದು ಪ್ರತಿ ಕಳಿಸಿದ್ದೇನೆ. ಎಷ್ಟೋ ವರ್ಷದಿಂದ ಅಲ್ಲಿ ಹೊಸಬರ ಸಂದರ್ಶನಕ್ಕೆ ಮೇಜಿನ ಹಿಂದೆ ಕೂರುತ್ತಿದ್ದವಳು ನಾನು. ಇದು ನಿಮ್ಮ ಸ್ವಂತ ಕೆಲಸವೇ ಎಂದು ಎಷ್ಟು ಹುಡುಗಿಯರನ್ನು ಕೇಳಿದ್ದೇನೋ. ಇನ್ನು ಕೂರುವುದಿಲ್ಲ ಎಂದು ಅದರಲ್ಲೇ ತಿಳಿಸಿದ್ದೇನೆ. ವಿನ್ಯಾಸ ನಾಗರತ್ನಳದ್ದು, ಅದರ ಮೂಲ ಅವಳ ಅಜ್ಜಿಯದ್ದು, ಇಬ್ಬರ ಹೆಸರೂ ಅಚ್ಚಾಗಬೇಕು ಎಂದು ಕೇಳಿದ್ದೇನೆ. ನನ್ನನ್ನು ಏನು ಮಾಡುತ್ತಾರೋ ಅದು ಅವರಿಗೆ ಬಿಟ್ಟದ್ದು.

ಪತ್ರ ಬರೆಯುವಾಗ ಒಂದು ಕಡೆ ಕೈ ನಿಂತುಹೋಯಿತು. ಆ ಅಜ್ಜಿಯ ಹೆಸರು ನನಗೆ ಗೊತ್ತಿರಲಿಲ್ಲ. ಅವರ ಕತೆ ಹೇಳಿಕೊಂಡು ಹದಿಮೂರು ವರ್ಷ ಉಂಡವಳು ನಾನು. ಒಂದು ದಿನವೂ ಹೆಸರು ಕೇಳಿರಲಿಲ್ಲ. ರತ್ನನಿಗೆ ಫೋನ್ ಮಾಡಿದೆ. ಯಾಕೆ ಎಂದು ಹೇಳಿದೆ. ಆ ಕಡೆ ಮಿಷಿನ್ನಿನ ಸದ್ದು ನಿಂತಿತು. ‘ಕೆಂಪಮ್ಮ’ ಎಂದಳು. ಅಷ್ಟೇ ಹೇಳಿ ಇಟ್ಟುಬಿಟ್ಟಳು.